ಗಟ್ಟಿ ಎಣ್ಣೆಗೆ ನೀರಿನ ಹೊದಿಕೆ: ಕೋರ್-ಆನ್ಯುಲರ್ ಫ್ಲೋ ಟಿಪ್ಪಣಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬೇಕರ್ಸ್‌ಫೀಲ್ಡ್ ಹತ್ತಿರ, ಶೆಲ್ ಕಂಪನಿ 1970ರಲ್ಲಿ ಒಂದು ಪೈಪ್‌ಲೈನ್ ಶುರು ಮಾಡಿತು. ಉದ್ದ ಸುಮಾರು 38 ಕಿ.ಮೀ., ವ್ಯಾಸ ಬರೀ 6 ಇಂಚು. ಸಾಗಿಸಬೇಕಿದ್ದದ್ದು ತುಂಬಾ ಗಟ್ಟಿಯಾದ ಕಚ್ಚಾ ಎಣ್ಣೆ. ಅದನ್ನೊಂದನ್ನೇ ಪಂಪ್ ಮಾಡಿದ್ದರೆ ಅಷ್ಟು ಸಣ್ಣ ಪೈಪಿನಲ್ಲಿ ಕದಲುತ್ತಲೇ ಇರಲಿಲ್ಲ. ಜೊತೆಗೆ ಶೇ. 30ರಷ್ಟು ನೀರು ಬಿಟ್ಟರು. ದಿನಕ್ಕೆ 24,000 ಬ್ಯಾರೆಲ್ ಹರಿಯಿತು. 12 ವರ್ಷ ಹೀಗೇ ನಡೆಯಿತು.

ನೀರು ಸೇರಿಸಿ ಎಣ್ಣೆಯನ್ನು ತೆಳು ಮಾಡಿದರು ಅಂತ ತಿಳಿಯಬೇಡಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಎಣ್ಣೆ ಅಷ್ಟೇ ಗಟ್ಟಿಯಾಗಿರುತ್ತದೆ. ನೀರು ಪೈಪಿನ ಗೋಡೆಗೆ ಹೊಂದಿಕೊಂಡು ಉಂಗುರದಂತೆ ಹರಿಯುತ್ತದೆ, ನಡುವೆ ಎಣ್ಣೆಯ ಕಂಬ ಜಾರುತ್ತದೆ. ಇದೇ ಕೋರ್-ಆನ್ಯುಲರ್ ಫ್ಲೋ: ನಡುವೆ ತಿರುಳು, ಸುತ್ತ ಉಂಗುರ. ರಾಗಿ ಮುದ್ದೆ ಕಟ್ಟುವಾಗ ಕೈ ಒದ್ದೆ ಮಾಡಿಕೊಳ್ಳುತ್ತೇವೆ, ಅಲ್ವಾ? ನೀರು ಹಿಟ್ಟಿನೊಳಗೆ ಹೋಗುವುದಿಲ್ಲ. ಕೈಗೂ ಮುದ್ದೆಗೂ ನಡುವೆ ನಿಲ್ಲುತ್ತದೆ, ಅಷ್ಟೇ ಸಾಕು.

ಈಗ ಲೆಕ್ಕ. ಪೈಪಿನ ತ್ರಿಜ್ಯ R, ಎಣ್ಣೆ ಕಂಬದ ತ್ರಿಜ್ಯ a ಇರಲಿ. ಎಣ್ಣೆ ನೀರಿಗಿಂತ ಎಷ್ಟೋ ಪಾಲು ಗಟ್ಟಿ, ಅಂದರೆ ಅದರ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಅಷ್ಟು ಹೆಚ್ಚು. ಹಾಗಾಗಿ ಕಂಬ ಒಳಗೆ ಮಡಚಿಕೊಳ್ಳದೆ, ಒಂದೇ ವೇಗದಲ್ಲಿ ಇಡಿಯಾಗಿ ಹೋಗುತ್ತದೆ ಅಂತಿಟ್ಟುಕೊಳ್ಳಿ. ವೇಗ ಕುಸಿಯುವುದೆಲ್ಲ ನೀರಿನ ಪದರದಲ್ಲೇ. η = a/R ಅಂದರೆ, ಅದೇ ಒತ್ತಡದಲ್ಲಿ ಬರೀ ಎಣ್ಣೆ ಹರಿಯುವುದಕ್ಕಿಂತ ಎಣ್ಣೆಯ ಹರಿವು

2η²(1 − η²) × (ಎಣ್ಣೆಯ ಸ್ನಿಗ್ಧತೆ ÷ ನೀರಿನ ಸ್ನಿಗ್ಧತೆ)

ಪಟ್ಟು ಹೆಚ್ಚುತ್ತದೆ. ಸ್ನಿಗ್ಧತೆಯ ಅನುಪಾತ 10,000 ಇರಲಿ, η = 0.9 ಇರಲಿ. ಉತ್ತರ ಸುಮಾರು 3,078 ಪಟ್ಟು! ನಿಜವಾದ ಪೈಪಿನಲ್ಲಿ ನೀರು ಪ್ರಕ್ಷುಬ್ಧವಾಗಿ, ಅಂದರೆ ಸುಳಿಸುಳಿಯಾಗಿ ಹರಿಯುತ್ತದೆ, ಆದ್ದರಿಂದ ಲಾಭ ಇಷ್ಟು ಸಿಗುವುದಿಲ್ಲ. ಆದರೂ ಒತ್ತಡದ ನಷ್ಟ ಬರೀ ನೀರು ಹರಿಸಿದಾಗ ಆಗುವ ನಷ್ಟದ ಹತ್ತಿರಕ್ಕೆ ಇಳಿಯುತ್ತದೆ.

ಪರೀಕ್ಷೆಯಲ್ಲಿ ಎಡವುವ ಜಾಗ ಇಲ್ಲೊಂದಿದೆ. η = 0.9 ಇದ್ದಾಗ ಪೈಪಿನ ಅಡ್ಡಕೊಯ್ತದಲ್ಲಿ ಶೇ. 19ರಷ್ಟು ಜಾಗ ನೀರಿನದು. ಆದರೆ ಹರಿವಿನಲ್ಲಿ ನೀರಿನ ಪಾಲು ಶೇ. 10.5 ಮಾತ್ರ. ಗೋಡೆಯ ಪಕ್ಕದ ನೀರು ನಿಧಾನ, ನಡುವಿನ ಎಣ್ಣೆ ವೇಗ. ಜಾಗದ ಪಾಲು ಬೇರೆ, ಹರಿವಿನ ಪಾಲು ಬೇರೆ.

ನನ್ನನ್ನು ತುಂಬಾ ದಿನ ಕಾಡಿದ ಪ್ರಶ್ನೆ ಇನ್ನೊಂದು. ಈ ಎಣ್ಣೆ ಸಾಮಾನ್ಯವಾಗಿ ನೀರಿಗಿಂತ ಸ್ವಲ್ಪ ಹಗುರ. ಮಲಗಿಸಿದ ಪೈಪಿನಲ್ಲಿ ಅದು ಮೇಲಕ್ಕೆ ತೇಲಿ ಗೋಡೆಗೆ ಅಂಟಿಕೊಳ್ಳಬೇಕಲ್ಲ, ಯಾಕೆ ಅಂಟುವುದಿಲ್ಲ? ಕಂಬ ನೇರವಾಗಿ, ನುಣುಪಾಗಿ ಇದ್ದರೆ ಖಂಡಿತ ಅಂಟುತ್ತದೆ. ಹರಿಯುವ ದಿಕ್ಕಿನಲ್ಲಿ ಕಂಬಕ್ಕೂ ಗೋಡೆಗೂ ನಡುವಿನ ಸಂದು ಒಂದೇ ಅಳತೆಯಾಗಿದ್ದರೆ ಕಂಬವನ್ನು ಕೆಳಗೆ ತಳ್ಳುವ ಒತ್ತಡ ಹುಟ್ಟುವುದೇ ಇಲ್ಲ.

ಕಾಪಾಡುವುದು ಅಲೆಗಳು. ಕಂಬದ ಮೈಮೇಲೆ ಉಬ್ಬುತಗ್ಗುಗಳು ಏಳುತ್ತವೆ. ಪ್ರತಿ ಉಬ್ಬೂ ಮುಂದಿನ ನೀರನ್ನು ಒತ್ತುತ್ತದೆ, ಅಲ್ಲಿ ಒತ್ತಡ ಏರುತ್ತದೆ. ಉಬ್ಬಿನ ಹಿಂದೆ ಒತ್ತಡ ಇಳಿಯುತ್ತದೆ. ಎರಡೂ ಸಮಸಮ ಆದರೆ ಲಾಭ ಸೊನ್ನೆ. ಆದರೆ ಮುಂದಿನ ಒತ್ತಡವೇ ಉಬ್ಬಿನ ಮುಖವನ್ನು ಕಡಿದಾಗಿಸುತ್ತದೆ, ಹಿಂಬದಿ ಇಳಿಜಾರಾಗಿ ಉಳಿಯುತ್ತದೆ, ಗರಗಸದ ಹಲ್ಲಿನಂತೆ. ಇದಕ್ಕೆ ನೀರಿನ ಜಡತ್ವ ಬೇಕು. ಆಗ ಸಮತೋಲ ಮುರಿಯುತ್ತದೆ. ಮೇಲಿನ ಕಿರಿದಾದ ಸಂದಿನಲ್ಲಿ ತಳ್ಳುವ ಬಲ ಜಾಸ್ತಿಯಾಗಿ ಕಂಬ ಕೆಳಗೆ ಸರಿಯುತ್ತದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಡೇನಿಯಲ್ ಜೋಸೆಫ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಅಲೆ ಅಂದರೆ ದೋಷ ಅಂತ ಓದಿಕೊಂಡವರಿಗೆ ಇಲ್ಲಿ ಅಲೆಯೇ ಆಸರೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಇದು.

ವೇಗ ಮಾತ್ರ ಸರಿಯಾಗಿರಬೇಕು. ತೀರಾ ನಿಧಾನವಾದರೆ ಮೇಲ್ಮೈ ಎಳೆತ ಕಂಬವನ್ನು ತುಂಡು ಮಾಡುತ್ತದೆ. ತೀರಾ ಜೋರಾದರೆ ನೀರು ಹನಿಹನಿಯಾಗಿ ಎಣ್ಣೆಯೊಳಗೆ ಸೇರಿ ಇನ್ನೂ ಗಟ್ಟಿಯಾದ ಮಿಶ್ರಣ ಆಗುತ್ತದೆ. ಪಂಪ್ ನಿಂತರೆ ಎಣ್ಣೆ ಮೇಲೆ ಸೇರಿ ಅಂಟುತ್ತದೆ, ಮತ್ತೆ ಶುರು ಮಾಡುವಾಗ ಮೊದಲು ನೀರು ಹರಿಸಿ ದಾರಿ ಬಿಡಿಸಿಕೊಳ್ಳಬೇಕು.

ದಿನ ಕಳೆದಂತೆ ಗೋಡೆಗೆ ಎಣ್ಣೆ ಮೆತ್ತಿಕೊಳ್ಳುವುದು ದೊಡ್ಡ ತಲೆನೋವು. ನೀರಿಗೆ ಸ್ವಲ್ಪ ಸೋಡಿಯಂ ಸಿಲಿಕೇಟ್ ಬೆರೆಸಿದರೆ ಉಕ್ಕಿನ ಗೋಡೆ ಎಣ್ಣೆಗಿಂತ ನೀರನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಸಿನ್‌ಕ್ರೂಡ್ ಕಂಪನಿಗೆ ಆ ಖರ್ಚೂ ಬೇಕಾಗಲಿಲ್ಲ. ಮರಳಿನಿಂದ ತೆಗೆದ ಬಿಟುಮೆನ್ (ಡಾಂಬರಿನಂಥ ಗಟ್ಟಿ ಎಣ್ಣೆ) ನೊರೆಯಲ್ಲಿ ನೀರು ಮೊದಲೇ ಇರುತ್ತದೆ, ಆ ನೀರಿನಲ್ಲಿ ನುಣ್ಣನೆಯ ಜೇಡಿಯೂ ಇರುತ್ತದೆ. ಹರಿಯುವಾಗ ನೀರು ತಾನೇ ಗೋಡೆಯ ಕಡೆಗೆ ಬರುತ್ತದೆ. ಜೇಡಿಯ ಕಣಗಳು ಬಿಟುಮೆನ್ ಮೇಲೆ ಕೂರುತ್ತವೆ, ಚಪಾತಿ ಉಂಡೆಗೆ ಉದುರಿಸಿದ ಒಣ ಹಿಟ್ಟಿನಂತೆ. ಒಂದು ಬಿಟುಮೆನ್ ಪದರ ಇನ್ನೊಂದಕ್ಕೆ ಅಂಟುವುದಿಲ್ಲ. ಅರೋರಾ ಗಣಿಯಿಂದ 35 ಕಿ.ಮೀ. ದೂರಕ್ಕೆ 36 ಇಂಚಿನ ಪೈಪ್ ಹಾಕಿದ್ದು ಈ ಜೇಡಿನೀರನ್ನೇ ನಂಬಿ.