‘ಗಂಡಸಾದ್ರೆ ಬಾ’ ಅನ್ನುವ ಮಾತು ವೀರಗಲ್ಲಿನಿಂದ ಬಂತೆ?

ಪ್ರಶ್ನೆ: ನಮ್ಮೂರ ಗುಡಿಯ ಹಿಂದೆ ಮೂರ್ನಾಲ್ಕು ವೀರಗಲ್ಲುಗಳಿವೆ. ಕಾದಿ ಸತ್ತವರನ್ನು ಪೂಜಿಸಿದ ನಾಡು ನಮ್ಮದು. ಇವತ್ತಿನ ಹುಡುಗರು ‘ಗಂಡಸಾದ್ರೆ ಬಾರೋ’ ಎಂದು ತೊಡೆ ತಟ್ಟುವುದಕ್ಕೂ ಆ ಕಲ್ಲಿನ ವೀರನಿಗೂ ಏನಾದರೂ ಸಂಬಂಧ ಇದೆಯೆ?

ಇದೆ. ಮೊದಲು ಪದದಲ್ಲೇ ಇದೆ. ಹಳಗನ್ನಡದ ‘ಗಂಡ’ ಹೆಂಡತಿಯ ಗಂಡನೂ ಹೌದು, ಶೂರನೂ ಹೌದು, ಮತ್ತೊಬ್ಬರನ್ನು ಅಡಗಿಸಬಲ್ಲವನೂ ಹೌದು. ವಿಜಯನಗರದ ಅರಸರ ‘ಮೂರುರಾಯರ ಗಂಡ’ ಎಂಬ ಬಿರುದು ಎಲ್ಲರಿಗೂ ಗೊತ್ತು. ಅವರದೇ ಇನ್ನೊಂದು ಬಿರುದು ‘ಭಾಷೆಗೆ ತಪ್ಪುವ ರಾಯರ ಗಂಡ’, ಅಂದರೆ ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ದಂಡಿಸುವವನು. ಗಂಡುತನದ ಜೊತೆಗೇ ಮಾತು ಉಳಿಸಿಕೊಳ್ಳುವ ಹೊಣೆಯೂ ಬರುತ್ತಿತ್ತು. ನನಗೆ ಮೂರುರಾಯರಿಗಿಂತ ಈ ಬಿರುದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಆ ಕಲ್ಲುಗಳ ಹತ್ತಿರ ಹೋಗಿ ಕೂತು ನೋಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಬರಹ ಇದ್ದರೆ ಅವನು ಯಾಕೆ ಸತ್ತ ಎನ್ನುವುದೂ ಅಲ್ಲಿ ಸಿಗುತ್ತದೆ. ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಅವನ್ನು ಮರಳಿ ತಂದು ಸತ್ತರೆ ಅದು ತುರುಗೋಳ್. ಹೆಣ್ಣುಮಕ್ಕಳ ಮೇಲೆ ಕೈಯಿಟ್ಟಾಗ ಎದ್ದ ಕೂಗು ಪೆಣ್ಬುಯ್ಯಲ್. ಅದನ್ನು ಕೇಳಿ ಓಡಿಬಂದು ಪ್ರಾಣ ಬಿಟ್ಟವನಿಗೂ ಕಲ್ಲು. ಊರಿಗೇ ಮುತ್ತಿಗೆ ಬಿದ್ದಾಗ ನಡೆದದ್ದು ಊರಳಿವು. ಹೀಗೆ ಸತ್ತವರೆಲ್ಲ ದೊರೆಗಳಲ್ಲ. ಬೆಂಗಳೂರೆಂಬ ಹೆಸರು ಸಿಗುವ ಬೇಗೂರಿನ ಸುಮಾರು ಕ್ರಿ.ಶ. 900ರ ಕಲ್ಲು ಹೇಳುವುದು ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ಸುದ್ದಿಯನ್ನು.

ಸತ್ತವನ ಮನೆಯವರಿಗೆ ಊರಾಗಲಿ ಅರಸನಾಗಲಿ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಗೆದ್ದು ಬದುಕಿ ಬಂದವನಿಗೆ ಕತ್ತಿ ತೊಳೆದ ಗೌರವವಾಗಿ ಬಾಳ್ಗಚ್ಚು. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ವಿಜ ಅರಸನಿಗೆ ಊರುಗಳು ಸಿಕ್ಕಿದ್ದು ಹಾಗೆ. ಒಬ್ಬ ಯಾರಿಗಾಗಿ ಕಾದಿದ, ಅವರು ಅವನಿಗೆ ಏನು ಸಲ್ಲಿಸಬೇಕು ಎಂಬ ಎರಡೂ ಲೆಕ್ಕ ಚುಕ್ತಾ ಆದಮೇಲೆಯೇ ಕಲ್ಲು ಪೂರ್ತಿಯಾಗುತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸಲು ನನಗೆ ಮನಸ್ಸಿಲ್ಲ. ದನ ಹೊಡೆಯಲು ಬಂದವನೂ ವೀರನೇ, ತನ್ನ ಒಡೆಯನ ಅನ್ನದ ಋಣ ತೀರಿಸಲು ಬಂದವನು. ಆ ಋಣಕ್ಕೆ ಜೋಳವಾಳಿ ಎನ್ನುತ್ತಿದ್ದರು. ಎಷ್ಟೋ ಕಲ್ಲುಗಳಲ್ಲಿ ಒಂದೇ ಶ್ಲೋಕ ಮರಳಿ ಬರುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು. ಮೇಲೆ ಅಪ್ಸರೆಯರು ಕಾಯುತ್ತಿದ್ದರೆ ಕೆಳಗೆ ಮನೆಯಲ್ಲಿ ಉಳಿದ ಹೆಂಡತಿಗೆ ಏನಾಯಿತು? ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು, ಅಂದರೆ ಗಂಡನ ಹಿಂದೆ ಬೆಂಕಿಗೆ ಬಿದ್ದು ಸತಿಯಾದವಳ ನೆನಪಿನ ಕಲ್ಲು, ಇದ್ದರೆ ಅದೇ ಉತ್ತರ. ಬೆಳತೂರಿನ 1057ರ ಶಾಸನದ ದೇಕಬ್ಬೆಯ ಗಂಡ ಸತ್ತದ್ದು ಯುದ್ಧದಲ್ಲಲ್ಲ, ಮಲ್ಲಯುದ್ಧದಲ್ಲಿ ಅರಸನ ನೆಂಟನನ್ನು ಕೊಂದ ತಪ್ಪಿಗೆ ಅವನಿಗೆ ಮರಣದಂಡನೆಯಾಯಿತು. ಹೆತ್ತವರು ಬೇಡವೆಂದು ಅಂಗಲಾಚಿದರೂ ಅವಳು ಬೆಂಕಿಗೆ ಹಾರಿದಳು. ಗಂಡಸರ ಪಂತದ ಬೆಲೆಯನ್ನು ತೆತ್ತವಳು ಅವಳು. ಆ ಹೆತ್ತವರ ಅಳು ಕಲ್ಲಿನಲ್ಲಿ ದಾಖಲಾಗಿದೆಯಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಕರುಳು ಹಿಂಡುತ್ತದೆ.

ಈಗ ನಿಮ್ಮ ಊರಿನ ಹುಡುಗರ ವಿಷಯ. ಅವರಿಗೆ ಕಾಯಬೇಕಾದ ತುರುವಿಲ್ಲ, ಮುತ್ತಿಗೆ ಬಿದ್ದ ಊರಿಲ್ಲ. ಕಲ್ಲಿನ ಕೆಳಗಿನ ಪಟ್ಟಿಕೆಯ ಎತ್ತಿದ ಕತ್ತಿ ಮಾತ್ರ ಅವರ ಪಾಲಿಗೆ ಉಳಿದಿದೆ. ‘ಬಳೆ ತೊಟ್ಕೊಂಡಿದ್ದೀಯೇನೋ’ ಎಂಬ ಒಂದು ಮಾತಿಗೆ ಬಡಿದಾಡುವ ಹುಡುಗನಿಗೆ ‘ನೀನು ಯಾರಿಗಾಗಿ ನಿಂತಿದ್ದೀಯ’ ಎಂದು ಯಾರೂ ಕೇಳಿಲ್ಲ. ಇದರ ಅತಿ ಕೆಟ್ಟ ರೂಪ ಮರ್ಯಾದೆಗೇಡು ಹತ್ಯೆ. ಹೆಣ್ಣಿನ ಕೂಗು ಕೇಳಿ ಓಡಿಬಂದವನಿಗೆ ಕಲ್ಲು ನಿಲ್ಲಿಸಿದ ಇದೇ ನಾಡಿನಲ್ಲಿ, ಬೇರೆ ಜಾತಿಯವನನ್ನು ಮದುವೆಯಾದಳೆಂದು ಮಗಳನ್ನು ಅಪ್ಪ, ಅಣ್ಣ ಸೇರಿ ಕೊಲ್ಲುತ್ತಾರೆ, ಅದನ್ನು ಮಾನ ಎನ್ನುತ್ತಾರೆ. ಆ ಪೆಣ್ಬುಯ್ಯಲ್ ಮನೆಯೊಳಗಿಂದಲೇ ಏಳುತ್ತಿದೆ. ಇದಕ್ಕೆ ಯಾವ ವೀರಗಲ್ಲಿನಲ್ಲೂ ಸಮರ್ಥನೆ ಸಿಗುವುದಿಲ್ಲ.

ಹುಡುಗರಿಗೆ ತೋರಿಸಬೇಕೆಂದರೆ ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ತೋರಿಸಿ, ಸುಮಾರು 700ರದು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್’. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿ. ಪೀಡಿಸುವವನು ಎದುರಾದರೆ ಮಾತ್ರ ಉಗ್ರ. ಈ ಕ್ರಮವನ್ನು ಗಮನಿಸಿ: ಒಬ್ಬ ವೀರನನ್ನು ಹೊಗಳುವಾಗ ಸಾಧುತನ, ಮಾಧುರ್ಯ ಮೊದಲು ಬಂದವು, ಉಗ್ರತೆ ಕೊನೆಗೆ.

ಇದು ಬರೀ ಹಳೆಯ ಮಾತೂ ಅಲ್ಲ. 1965ರ ಯುದ್ಧದಲ್ಲಿ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಸ್ವಾತಂತ್ರ್ಯಕ್ಕೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುಗಡೆ ಮಾಡಲು ಸಿದ್ಧ ಎಂದು ಅವರಿಂದ ಮಾತು ಬಂತು. ಸೆರೆಯಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಅಪ್ಪ ಹೇಳಿ ಕಳಿಸಿದರು. ಮಗ ಮರಳಿದ್ದು 1966ರ ಜನವರಿಯಲ್ಲಿ.