ಕಣ್ಣಿಗೆ ಬೀಳದ ಸಾಕೆಟ್ಟು, ಕೊಡಗಿನ ಅಡುಗೆಮನೆಯಲ್ಲಿ

ಅಡುಗೆಮನೆಯನ್ನು ಹೊಸದಾಗಿ ಮಾಡಿಸಿಕೊಳ್ಳುವವರು ಈಗೀಗ ಗ್ರಾನೈಟು, ಟೈಲ್ಸುಗಳ ಮಾತಿನ ಜೊತೆಗೇ ಗೋಡೆಯ ಮೇಲೆ ಸ್ವಿಚ್ ಬೋರ್ಡು ಕಾಣಬಾರದೆಂದೂ ಕೇಳುತ್ತಾರೆ. ಬೇಡಿಕೆ ನ್ಯಾಯವಾದದ್ದೇ, ಕಡುಬಣ್ಣದ ಟೈಲ್ಸಿನ ನಡುವೆ ಅಗಲವಾದ ಬಿಳಿ ಪ್ಲೇಟು ನೋಡಲು ಚೆನ್ನಾಗಿರುವುದಿಲ್ಲ. ಆದರೆ ಬೆಂಗಳೂರಿನ ಫ್ಲ್ಯಾಟುಗಳ ಚಿತ್ರ ನೋಡಿ ಅದನ್ನೇ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ಮಾಡಿಸಹೊರಟರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಸಾಕೆಟ್ಟನ್ನು ಮುಚ್ಚಿಟ್ಟಷ್ಟೂ ಅದಕ್ಕೆ ಗಾಳಿಯಾಡುವುದು ಕಡಿಮೆಯಾಗಿ, ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಆದ್ದರಿಂದ ನಮ್ಮ ಜಿಲ್ಲೆಯ ಮಟ್ಟಿಗೆ ಸಾಕೆಟ್ಟನ್ನು ಬಚ್ಚಿಡುವುದಕ್ಕಿಂತ, ಗಾಳಿಯಾಡುವ ಜಾಗದಲ್ಲಿಯೇ ಕಣ್ಣು ಹಾಯದಂತೆ ಕೂರಿಸುವುದು ಮೇಲು ಎಂಬುದು ನನ್ನ ನಿಲುವು.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗವೆಂದರೆ ಮೇಲಿನ ಕಪಾಟಿನ ತಳ. ಕಪಾಟಿನ ಮುಂಭಾಗಕ್ಕೆ ಎರಡು ಇಂಚಿನ ಪಟ್ಟಿಯೊಂದನ್ನು ಇಳಿಬಿಟ್ಟು, ಅದರ ಹಿಂದೆ ಗೋಡೆಗೆ ತಾಗಿದಂತೆ ಸಾಕೆಟ್ಟುಗಳ ಸಾಲನ್ನು ಓರೆಯಾಗಿ ಕೂರಿಸಿದರೆ, ನಿಂತು ಕೆಲಸ ಮಾಡುವವರಿಗೆ ಅದು ಕಾಣುವುದಿಲ್ಲ, ಕೈಗೆ ಮಾತ್ರ ಸಲೀಸಾಗಿ ಸಿಗುತ್ತದೆ. ಒಲೆಯ ನೇರಕ್ಕೆ ಮಾತ್ರ ಇದು ಬೇಡ, ಏಕೆಂದರೆ ಕಡಂಬುಟ್ಟು ಬೇಯುವಾಗ ಏಳುವ ಹಬೆಯೆಲ್ಲ ಅಲ್ಲಿಗೇ ಹೋಗಿ ತಂಗುತ್ತದೆ. ಮೇಲಿನ ಕಪಾಟೇ ಇಲ್ಲದ ಹಳೆಯ ಹೆಂಚಿನ ಮನೆಗಳಲ್ಲಿ, ಟೈಲ್ಸಿನದೇ ಬಣ್ಣದ ಪ್ಲೇಟನ್ನು ಆರಿಸಿ, ಟೈಲ್ಸಿನ ಸಂದಿಗೆ ಸರಿಯಾಗಿ ಒಂದೇ ಅಡ್ಡಸಾಲಿನಲ್ಲಿ ಕೂರಿಸಿದರೆ ಸಾಕು.

ಗ್ರಾನೈಟ್ ಕಟ್ಟೆಯೊಳಗಿಂದ ಮೇಲೇಳುವ ಪಾಪ್-ಅಪ್ ಸಾಕೆಟ್ಟಿನ ಬಗ್ಗೆ ಬಹಳ ಜನ ಕೇಳುತ್ತಾರೆ. ನೋಡಲು ಅಂದವಾಗಿದೆ, ನಿಜ. ಆದರೆ ಅದರ ಪೆಟ್ಟಿಗೆಯ ಮೇಲೆ ಬರೆದಿರುವ ಐಪಿ 54 ಎಂಬ, ದೂಳು ಮತ್ತು ನೀರಿನ ಸಿಡಿತದಿಂದ ಕೊಡುವ ರಕ್ಷಣೆ ಹೆಚ್ಚಿನ ಮಾದರಿಗಳಲ್ಲಿ ಮುಚ್ಚಳ ಮುಚ್ಚಿದಾಗಿನ ಮಾತು. ಪ್ಲಗ್ಗು ಚುಚ್ಚಿಕೊಂಡು ನಿಂತಾಗ ಕಟ್ಟೆಯ ಮೇಲೆ ಚೆಲ್ಲಿದ ನೀರಿಗೆ ಅದು ತಡೆಯಲ್ಲ. ನಮ್ಮಲ್ಲಿ ಕಟ್ಟೆಯನ್ನು ನೀರು ಸುರಿದು ತೊಳೆಯುವ ರೂಢಿ ಇನ್ನೂ ಇದೆ. ಅಂಥ ಮನೆಗೆ ನಾನು ಅದನ್ನು ಹೇಳುವುದಿಲ್ಲ.

ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಸಾಕೆಟ್ಟು ಇಡುವುದಕ್ಕೆ ಇನ್ನೊಂದು ತೊಡಕಿದೆ, ಮತ್ತು ಇದನ್ನು ನಾನು ಬಿಟ್ಟುಕೊಡುವುದೇ ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿಯೇ ಮಡುಗಟ್ಟುತ್ತದೆ. ಸಿಲಿಂಡರ್ ಇರುವ ಖಾನೆಯಲ್ಲಾಗಲೀ ಅದಕ್ಕೆ ತಾಗಿದ ಖಾನೆಯಲ್ಲಾಗಲೀ ಸ್ವಿಚ್ಚು ಒತ್ತಿದಾಗ ಹಾರುವ ಸಣ್ಣ ಕಿಡಿ ಸಾಕು. ಸಾಧ್ಯವಿದ್ದರೆ ಸಿಲಿಂಡರನ್ನೇ ಹೊರಗಿಟ್ಟು ಪೈಪ್ ಎಳೆಸುವುದು ಒಳ್ಳೆಯದು. ಚಿಮಣಿ, ಫ್ರಿಜ್, ನೀರು ಶುದ್ಧೀಕರಿಸುವ ಯಂತ್ರ ಇವುಗಳ ಪ್ಲಗ್ಗನ್ನು ದಿನವೂ ತೆಗೆದು ಹಾಕುವುದಿಲ್ಲವಾದ್ದರಿಂದ ಅವುಗಳ ಸಾಕೆಟ್ಟನ್ನು ಪಕ್ಕದ ಎತ್ತರದ ಕಪಾಟಿನೊಳಗೆ ಮರೆಮಾಡಬಹುದು. ಸ್ವಿಚ್ಚು ಮಾತ್ರ ಸಾಮಾನು ಸರಿಸದೆ ಕೈಗೆ ಎಟುಕಬೇಕು.

ಅಂದದ ಗುಂಗಿನಲ್ಲಿ ಮರೆತುಹೋಗುವುದು ಸಾಕೆಟ್ಟಿನ ತಾಕತ್ತು. 230 ವೋಲ್ಟಿನಲ್ಲಿ 6 ಆಂಪಿಯರ್ ಸಾಕೆಟ್ಟು ತಡೆಯುವುದು 1380 ವ್ಯಾಟ್ ಮಾತ್ರ. ಪಂದಿ ಕರಿಯ ಮಸಾಲೆ ಅರೆಯುವ 750 ವ್ಯಾಟಿನ ಮಿಕ್ಸಿಗೆ ಅದು ಧಾರಾಳವಾಯಿತು, ಆದರೆ 1500 ವ್ಯಾಟಿನ ಕೆಟಲಿಗೂ 2000 ವ್ಯಾಟಿನ ಇಂಡಕ್ಷನ್ ಒಲೆಗೂ 16 ಆಂಪಿಯರಿನದೇ ಬೇಕು. ಇಂಡಕ್ಷನ್ನಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಪ್ರತ್ಯೇಕವಾಗಿ ಎಳೆದು, ಅದಕ್ಕೆ ಬೇರೆಯೇ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು) ಹಾಕಿಸುವುದು ಕ್ಷೇಮ. ಅಡುಗೆಮನೆಯ ಸಾಕೆಟ್ಟುಗಳೆಲ್ಲ 30 ಮಿಲಿಆಂಪಿಯರ್ ಆರ್‌ಸಿಸಿಬಿಯ, ಅಂದರೆ ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚಿನ, ಹಿಂದೆ ಇರಲಿ. ಕರೆಂಟು ಹೋಗುವುದು ನಮ್ಮಲ್ಲಿ ಮಾಮೂಲಾದ್ದರಿಂದ ಬಹಳ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ; ಅದರ ನ್ಯೂಟ್ರಲ್ ತಂತಿಯನ್ನು ಆರ್‌ಸಿಸಿಬಿ ದಾಟಿ ಬಂದ ನ್ಯೂಟ್ರಲ್ಲಿಗೆ ಸೇರಿಸಿಬಿಟ್ಟರೆ ಆರ್‌ಸಿಸಿಬಿ ಕಾರಣವಿಲ್ಲದೆ ಟ್ರಿಪ್ಪಾಗುತ್ತಲೇ ಇರುತ್ತದೆ, ಬೇಸತ್ತ ಮನೆಯವರು ಕೊನೆಗೆ ಆರ್‌ಸಿಸಿಬಿಯನ್ನೇ ತೆಗೆಸುತ್ತಾರೆ. ಅರ್ಥಿಂಗ್ ಗುಂಡಿಯೂ ಮಳೆಗಾಲದಲ್ಲಿ ಚೆನ್ನಾಗಿದ್ದು ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಸೊರಗುತ್ತದೆ, ಆಗ ಅದಕ್ಕೆ ನೀರು ಹಾಕಿಸಬೇಕು.

ಗೋಡೆಯ ಆಯ್ಕೆಯೂ ಮುಖ್ಯ. ಗಾಳಿಮಳೆ ನೇರವಾಗಿ ಹೊಡೆಯುವ ಪಡುವಣ ಗೋಡೆಯನ್ನು ಕೊರೆದು ಬಾಕ್ಸ್ ಕೂರಿಸಿದರೆ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಅದರೊಳಗೆ ನೀರು ಜಿನುಗಬಹುದು, ಆದ್ದರಿಂದ ಸಾಕೆಟ್ಟುಗಳನ್ನು ಒಳಗೋಡೆಗಳಲ್ಲಿಯೇ ಹಂಚಿಕೊಳ್ಳಿ. ಗೋಡೆ ಕೊರೆಯುವ, ಪೈಪ್ ಹೂಳುವ, ಗಾರೆ ಹಚ್ಚುವ ಕೆಲಸವೆಲ್ಲ ಏಪ್ರಿಲ್ ಒಳಗೆ ಮುಗಿಯಬೇಕು. ಮೇ ಕೊನೆಯಲ್ಲಿ ಹಚ್ಚಿದ ಗಾರೆ ಮಳೆಗಾಲ ಮುಗಿಯುವವರೆಗೂ ಪೂರ್ತಿ ಒಣಗುವುದಿಲ್ಲ, ಅದರ ಮೇಲೆ ಅಂಟಿಸಿದ ಟೈಲ್ಸಿನ ಹಿಂದಿನ ತೇವವೆಲ್ಲ ಸಾಕೆಟ್ ಬಾಕ್ಸಿಗೇ ಬಂದು ಸೇರುತ್ತದೆ.