ಸ್ಥಳೀಯ ಹೊಂದಾಣಿಕೆ: ಮಲೇರಿಯಾ ಜೀವಿಗೂ ತನ್ನದೊಂದು ಊರು

ನಮ್ಮ ಅವ್ವ ಬೀಜದ ಜೋಳವನ್ನು ಬೇರೆಯೇ ಇಡುತ್ತಿದ್ದಳು. ರಾಶಿಗೆ ಮೊದಲೇ ಹೊಲದಲ್ಲಿ ಅಡ್ಡಾಡಿ, ತುಂಬಿದ ತೆನೆ ಆರಿಸಿ ಮುರಿದು, ಬಡಿದು, ಕಾಳಿಗೆ ಬೂದಿ ಕಲಸಿ ಗಡಿಗೆಯಲ್ಲಿ ಕಟ್ಟಿಡುವಳು. ವಿಜಯಪುರದ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಮಣ್ಣೊಳಗಿನ ಹಸಿಯ ಮೇಲೆಯೇ ಬದುಕುತ್ತದೆ. ಒಂದು ವರ್ಷ ಖಾನಾಪುರದ ಕಡೆಯ ನಮ್ಮ ಬೀಗರು ಅದೇ ಬೀಜ ಒಯ್ದು ಮುಂಗಾರಿಗೆ ಬಿತ್ತಿದರು. ಬೆಳೆ ಆಳೆತ್ತರ ಬಂತು, ತೆನೆಯೂ ಬಿಟ್ಟಿತು. ಆದರೆ ಮಳೆಗೆ ಸಿಕ್ಕ ಕಾಳು ಬೂಷ್ಟು ಹಿಡಿದು ಕಪ್ಪಾಯಿತು. ಒಂದು ತೆನೆ ತಂದು ಅವ್ವನ ಕೈಗಿಟ್ಟರು. ಅವಳು ಉಗುರಿನಿಂದ ಕಾಳು ಒತ್ತಿ ನೋಡಿ, "ಇದು ನಮ್ಮ ನೆಲದ್ದು, ಅಲ್ಲಿಗೆ ಒಗ್ಗಲಿಲ್ಲ ನೋಡು" ಅಂದಳು.

ಒಗ್ಗುವುದು. ಜೀವವಿಜ್ಞಾನದಲ್ಲಿ 'ಸ್ಥಳೀಯ ಹೊಂದಾಣಿಕೆ' ಎಂದು ಬರೆಯುವ ಮಾತಿಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಸಿಕ್ಕಿಲ್ಲ. ಒಂದೇ ಜಾತಿಯ ಜೀವಿ ಹಲವು ಊರುಗಳಲ್ಲಿ ಹರಡಿಕೊಂಡಿರುತ್ತದೆ. ತಲೆಮಾರು ಕಳೆದಂತೆ ಪ್ರತಿ ಊರಲ್ಲೂ ಅಲ್ಲಿನ ಸ್ಥಿತಿಗೆ ಸರಿಹೋಗುವ ಜೀನ್‌ಗಳು ಹೆಚ್ಚುತ್ತವೆ. ತನ್ನೂರಿನಲ್ಲಿ ಗೆಲ್ಲುವ ತಳಿ ಬೇರೆ ಊರಿನಲ್ಲಿ ಸೋಲುತ್ತದೆ. ಜೋಳಕ್ಕೆ ಆದದ್ದೇ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಜೀವಿಗೂ ಆಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ನಾವು ಹೊಸ ಊರಿಗೆ ಹೋದಾಗ ಮೊದಲು ನೀರು ಹಿಡಿಸುವುದಿಲ್ಲ, ಆಮೇಲೆ ಒಗ್ಗುತ್ತದೆ, ಅಲ್ವಾ? ಅಲ್ಲಿ ಬದಲಾಗುವುದು ನಮ್ಮ ಒಬ್ಬರ ಮೈ. ಮಲೇರಿಯಾ ಜೀವಿ ಒಂದೊಂದಾಗಿ ಹೀಗೆ ರೂಢಿ ಮಾಡಿಕೊಳ್ಳುವುದಿಲ್ಲ. ಫ್ಯಾಲ್ಸಿಪಾರಂ ಎಂಬ ಜಾತಿ ಕೆಂಪು ರಕ್ತಕಣದೊಳಗೆ ಕೂತು 48 ಗಂಟೆಯಲ್ಲಿ ಒಂದಿದ್ದದ್ದು ಹತ್ತಿಪ್ಪತ್ತಾಗುತ್ತದೆ. ಜ್ವರ ಬಂದ ಒಬ್ಬ ಮನುಷ್ಯನ ಮೈಯಲ್ಲೇ ನೂರಾರು ಕೋಟಿ ಇರಬಹುದು. ಅದರ ಡಿಎನ್ಎಯಲ್ಲಿ ಸುಮಾರು 2.3 ಕೋಟಿ ಅಕ್ಷರಗಳಿವೆ. ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಮುಂದೆ ಸೊಳ್ಳೆಯ ಹೊಟ್ಟೆಯಲ್ಲಿ ಗಂಡು ಹೆಣ್ಣು ಕೂಡಿ ಜೀನ್‌ಗಳು ಬೆರೆತುಹೋಗುತ್ತವೆ. ಹೀಗೆ ಹುಟ್ಟಿದ ತರಾವರಿಯನ್ನು ಆ ಊರು ಸಾಣಿಗೆಯಲ್ಲಿ, ಅಂದರೆ ಜರಡಿಯಲ್ಲಿ, ಹಾಕಿ ಸೋಸುತ್ತದೆ. ಅವ್ವ ತೆನೆ ಆರಿಸಿದ ಹಾಗೆ. ಆದರೆ ಇಲ್ಲಿ ಆರಿಸುವ ಕೈ ಯಾರದ್ದೂ ಅಲ್ಲ.

ಆ ಸಾಣಿಗೆ ಯಾವುದು? ಮಲೇರಿಯಾ ಜೀವಿಯ ಊರು ಎಂದರೆ ಮೊದಲು ನಮ್ಮ ರಕ್ತ. ಆಫ್ರಿಕಾದ ಹಲವು ಕಡೆ, ನಮ್ಮಲ್ಲೂ ಕೆಲವು ಬುಡಕಟ್ಟು ಜನರಲ್ಲಿ, ಕೆಂಪು ರಕ್ತಕಣವನ್ನು ಕುಡಗೋಲಿನಂತೆ ಬಾಗಿಸುವ ಕುಡಗೋಲು ಕಣದ (ಸಿಕಲ್ ಸೆಲ್) ಜೀನ್ ಇದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಅದು ಕಠಿಣ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ತೀವ್ರ ಮಲೇರಿಯಾದಿಂದ ದೊಡ್ಡ ರಕ್ಷಣೆ. ಇದನ್ನು ಬಹಳ ಕಾಲ ಮನುಷ್ಯ ಮಲೇರಿಯಾಗೆ ಒಗ್ಗಿದ ಕಥೆಯಾಗಿಯೇ ಹೇಳುತ್ತಿದ್ದರು. ಕಥೆಯ ಇನ್ನೊಂದು ಮಗ್ಗಲು 2021ರ ಕೊನೆಗೆ ಕಾಣಿಸಿತು. ಗ್ಯಾಂಬಿಯಾ ಮತ್ತು ಕೀನ್ಯಾದಲ್ಲಿ ತೀವ್ರ ಮಲೇರಿಯಾದಿಂದ ಮಲಗಿದ್ದ ಮಕ್ಕಳ ಜೀನನ್ನೂ, ಅದೇ ಮಕ್ಕಳ ರಕ್ತದಲ್ಲಿದ್ದ ಪರಾವಲಂಬಿಯ ಜೀನನ್ನೂ ಜೋಡಿಸಿ ಓದಿದರು. ಕುಡಗೋಲು ಜೀನ್ ಇದ್ದೂ ಜ್ವರ ಬಿದ್ದ ಮಕ್ಕಳಲ್ಲಿ ಪರಾವಲಂಬಿಯ ಡಿಎನ್ಎ ಮೂರು ಜಾಗಗಳಲ್ಲಿ ಬೇರೆಯಾಗಿತ್ತು. ಆ ಬದಲಾವಣೆ ಇರುವ ಪರಾವಲಂಬಿಯ ಎದುರು ರಕ್ಷಣೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ರೂಪಗಳು ಆಫ್ರಿಕಾದಲ್ಲಿ ಜಾಸ್ತಿ, ಹೊರಗೆ ತೀರಾ ಅಪರೂಪ. ನಾವು ಬಾಗಿಲು ಹಾಕಿಕೊಂಡ ಕಡೆಯೇ ಅದು ಕಿಂಡಿ ಹುಡುಕಿದೆ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಎರಡನೆಯ ಮನೆ ಸೊಳ್ಳೆ. ಅನಾಫಿಲಿಸ್ ಸೊಳ್ಳೆಗಳು ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಕಾಲುವೆ, ಹಳ್ಳದ ಬದಿಯ ಹಳ್ಳಿಗಳಲ್ಲಿ ಕ್ಯುಲಿಸಿಫೇಸಿಸ್ ಜಾತಿ ಮುಖ್ಯ. ಪಟ್ಟಣದ ತೊಟ್ಟಿ, ಮಾಳಿಗೆ ಮೇಲಿನ ಟಾಕಿಗಳಲ್ಲಿ ಸ್ಟೀಫೆನ್ಸಿ. ಆಫ್ರಿಕಾದಲ್ಲಿ ಗ್ಯಾಂಬಿಯೆ. ಸೊಳ್ಳೆಗೂ ರೋಗ ತಡೆಯುವ ಶಕ್ತಿ ಇದೆ. ಹೊಟ್ಟೆಗೆ ಬಂದ ಪರಾವಲಂಬಿಯನ್ನು ಅದು ಕೊಲ್ಲಲು ನೋಡುತ್ತದೆ. ಪರಾವಲಂಬಿಯ ಮೈಮೇಲಿನ ಪಿಎಫ್ಎಸ್47 ಎಂಬ ಪ್ರೋಟೀನ್ ಅದನ್ನು ಸೊಳ್ಳೆಯ ಆ ಕಾವಲಿನ ಕಣ್ಣಿನಿಂದ ಮರೆಮಾಡುತ್ತದೆ. ಈ ಪ್ರೋಟೀನಿನ ರೂಪ ಖಂಡದಿಂದ ಖಂಡಕ್ಕೆ ಬೇರೆ. ಆಫ್ರಿಕಾದ ಪರಾವಲಂಬಿಯನ್ನು ಅಮೆರಿಕ ಖಂಡದ ಸೊಳ್ಳೆಗೆ ಕೊಟ್ಟಾಗ ಬಹುಪಾಲು ಸತ್ತವು. ಬರೀ ಆ ಒಂದು ಜೀನನ್ನು ಅಮೆರಿಕದ ರೂಪಕ್ಕೆ ಬದಲಿಸಿದಾಗ ಬದುಕಿದವು. ಬೀಗ ಊರಿಗೊಂದು, ಕೀಲಿಯೂ ಊರಿಗೊಂದು.

ಚಳಿಗಾಲವೂ ಒಂದು ಸಾಣಿಗೆ. ಇದನ್ನು ತೋರಿಸಲು ವೈವ್ಯಾಕ್ಸ್ ಎಂಬ ಇನ್ನೊಂದು ಮಲೇರಿಯಾ ಜಾತಿಯೇ ಬೇಕು. ಅದು ರಕ್ತಕ್ಕೆ ಇಳಿಯುವ ಮೊದಲು ಪಿತ್ತಜನಕಾಂಗದಲ್ಲಿ ಒಂದಷ್ಟು ಪಾಲನ್ನು ಮಲಗಿಸಿ ಬರುತ್ತದೆ. ಒಮ್ಮೆ ನಮ್ಮ ಅಪ್ಪನಿಗೆ ಚಳಿಜ್ವರ ಬಂದು ವೈವ್ಯಾಕ್ಸ್ ಎಂದು ಗೊತ್ತಾಯಿತು. ಹೀಗೆ ಮಲಗಿದವನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕಿತ್ತು. ಐದನೇ ದಿನಕ್ಕೆ ಮೈ ಹಗುರಾಯಿತೆಂದು ಮಾತ್ರೆ ಚೀಟಿಯನ್ನು ಗೂಡಿನಲ್ಲಿಟ್ಟು ಹೊಲಕ್ಕೆ ಹೋದರು. ಕೆಲವೇ ವಾರಗಳಲ್ಲಿ ಮತ್ತೆ ಮೂರು ಕಂಬಳಿ ಹೊದ್ದು ಹಲ್ಲು ಕಟಕಟ ಕಡಿಯುತ್ತಾ ಮಲಗಿದ್ದರು. ಮಲಗಿದ್ದ ಜೀವಿ ಎದ್ದಿತ್ತು.

ಅದು ಎಷ್ಟು ದಿನ ಮಲಗುತ್ತದೆ ಎನ್ನುವುದು ಊರಿನ ಮೇಲಿದೆ. ವರ್ಷವಿಡೀ ಸೊಳ್ಳೆ ಇರುವ ನ್ಯೂಗಿನಿಯಂಥ ಜಾಗದ ತಳಿ ಮೂರು ನಾಲ್ಕು ವಾರಕ್ಕೇ ಏಳುತ್ತದೆ. ಹಿಮ ಬೀಳುವ ಕೊರಿಯಾದಲ್ಲಿ ಹಾಗೆ ಎದ್ದರೆ ಒಯ್ಯಲು ಸೊಳ್ಳೆಯೇ ಇರುವುದಿಲ್ಲ. ಅಲ್ಲಿನ ತಳಿ ಎಂಟು, ಹತ್ತು, ಹನ್ನೆರಡು ತಿಂಗಳು ಮಲಗಿ ಮುಂದಿನ ಬೇಸಿಗೆಗೆ ಜ್ವರ ತರುತ್ತದೆ. ಇಂಥ ತಳಿಗಳನ್ನು ಬೇರೆ ಕಡೆ ಒಯ್ದು ಪರೀಕ್ಷಿಸಿದಾಗಲೂ ಈ ನಡೆ ಬದಲಾಗಲಿಲ್ಲ. ಅದು ಜೊತೆಗೇ ಹೊತ್ತು ತಂದ ಗುಣ.

ನಾವು ನುಂಗುವ ಔಷಧಿಯೂ ಆ ಊರಿನ ಹವೆಯಲ್ಲೇ ಸೇರಿದೆ. ಭಾರತದಲ್ಲಿ ಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿಗೆ ಬಗ್ಗದ ಫ್ಯಾಲ್ಸಿಪಾರಂ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಔಷಧಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಆಫ್ರಿಕಾದ ಮಲಾವಿ ತೋರಿಸಿತು. ಅಲ್ಲಿ 1993ರಲ್ಲಿ ಕ್ಲೋರೋಕ್ವಿನ್ ಬಿಟ್ಟರು. ಹತ್ತು ಹನ್ನೆರಡು ವರ್ಷದ ಮೇಲೆ 80 ಮಕ್ಕಳಿಗೆ ಕೊಟ್ಟು ನೋಡಿದಾಗ ಒಂದು ಮಗುವಿಗೆ ಬಿಟ್ಟು ಎಲ್ಲರಿಗೂ ವಾಸಿಯಾಯಿತು. ಔಷಧಿ ಇಲ್ಲದ ಊರಿನಲ್ಲಿ ಅದನ್ನು ತಡೆಯುವ ಜೀನ್ ಸುಮ್ಮನೆ ಹೊರುವ ಭಾರ, ಆದ್ದರಿಂದ ಹಳೆಯ ತಳಿಯೇ ಮತ್ತೆ ಮೇಲೆ ಬಂದಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ಫ್ಯಾಲ್ಸಿಪಾರಂಗೆ ಔಷಧಿ ಬದಲಾದರೂ ವೈವ್ಯಾಕ್ಸ್‌ಗೆ ಕ್ಲೋರೋಕ್ವಿನ್ ಕೊಡುವುದು ನಿಂತಿಲ್ಲ, ಎರಡೂ ಜಾತಿ ಒಂದೇ ಊರಿನಲ್ಲಿವೆ, ಸಾಣಿಗೆ ಇನ್ನೂ ಆಡುತ್ತಿದೆ.

ಪರೀಕ್ಷೆಯ ಕಿಟ್ ಕೂಡ ಸಾಣಿಗೆ ಆಗಬಹುದು. ಫ್ಯಾಲ್ಸಿಪಾರಂ ಹಿಡಿಯಲು ಹೆಚ್ಚಿನ ಕಿಟ್‌ಗಳು ಎಚ್ಆರ್‌ಪಿ2 ಎಂಬ ಒಂದು ಪ್ರೋಟೀನನ್ನು ಹುಡುಕುತ್ತವೆ. ಆ ಜೀನನ್ನೇ ಕಳಕೊಂಡ ಪರಾವಲಂಬಿಗಳು ಪೆರುವಿನಲ್ಲಿವೆ ಎಂದು 2010ರಲ್ಲಿ ವರದಿಯಾಯಿತು. ಮುಂದೆ ಎರಿಟ್ರಿಯಾದಲ್ಲಿ ಇವು ಎಷ್ಟು ಹೆಚ್ಚಿದವೆಂದರೆ ಆ ದೇಶ ಕಿಟ್ಟನ್ನೇ ಬದಲಿಸಬೇಕಾಯಿತು. ಕಿಟ್ಟಿನಲ್ಲಿ ಗೆರೆ ಬೀಳದಿದ್ದರೆ ಚಿಕಿತ್ಸೆ ಇಲ್ಲ, ಚಿಕಿತ್ಸೆ ಇಲ್ಲದಿದ್ದರೆ ಆ ತಳಿಗೆ ಹಬ್ಬ.

ಊರಿಗೆ ತಕ್ಕ ನಡೆ ಕಂಡ ಕೂಡಲೇ ಜೀನ್ ಬದಲಾಗಿದೆ ಎನ್ನುವಂತಿಲ್ಲ. ಮಾಲಿ ದೇಶದಲ್ಲಿ ಐದಾರು ತಿಂಗಳ ಒಣಗಾಲಕ್ಕೆ ಸೊಳ್ಳೆ ಕಡಿಮೆಯಾದಾಗ ಫ್ಯಾಲ್ಸಿಪಾರಂ ಜ್ವರವನ್ನೇ ತೋರಿಸದೆ, ರಕ್ತದಲ್ಲಿ ತೀರಾ ಕಡಿಮೆ ಸಂಖ್ಯೆಯಲ್ಲಿ ಕಾಲ ತಳ್ಳುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವು ಮಳೆಗಾಲದವುಗಳಿಗಿಂತ ಬೇರೆ ತಳಿ ಎಂದು ಕಾಣಲಿಲ್ಲ. ಅಕ್ಷರ ಅವೇ, ಕೆಲವು ಜೀನ್‌ಗಳು ಆನ್ ಆಫ್ ಆಗುವ ರೀತಿ ಮಾತ್ರ ಬೇರೆ. ಅವ್ವನ ಜೋಳವೂ ಬಿಸಿಲಿಗೆ ಎಲೆ ಸುತ್ತಿಕೊಂಡು ಸಂಜೆಗೆ ಬಿಚ್ಚುತ್ತದೆ, ಬೀಜ ಬದಲಾಗಿರುವುದಿಲ್ಲ.

ಎರಡನ್ನೂ ಬೇರ್ಪಡಿಸಲು ಡಿಎನ್ಎ ಓದಲೇಬೇಕು. ಅದಕ್ಕೆ ಬೇಕಾದ್ದು ಬೆರಳಿನಿಂದ ತೆಗೆದ ಒಂದೆರಡು ಹನಿ ರಕ್ತ. ದಪ್ಪ ಕಾಗದದ ಮೇಲೆ ಇಟ್ಟರೆ ಒಣಗಿ ಕಾಸಿನಗಲದ ಕಂದು ಚುಕ್ಕಿಯಾಗುತ್ತದೆ. 2023ರಲ್ಲಿ ಪ್ರಕಟವಾದ ಫ್ಯಾಲ್ಸಿಪಾರಂ ಡಿಎನ್ಎಯ ಒಂದು ಸಂಗ್ರಹದಲ್ಲಿ 33 ದೇಶಗಳ 20,864 ಮಾದರಿಗಳಿವೆ. ಪ್ರತಿ ಚುಕ್ಕಿಯ ಪಕ್ಕದಲ್ಲಿ ಎರಡು ವಿವರ ತಪ್ಪದೆ ಬರೆದುಕೊಳ್ಳುತ್ತಾರೆ: ರಕ್ತ ತೆಗೆದ ದಿನ, ಮತ್ತು ಊರು.